ಸ್ಟೆಪ್ನಿಗೂ ಗಾಳಿ ಬೇಕು

ಪ್ರಯಾಣವೆಂದರೆ ನಮ್ಮ ಮನೆಯಲ್ಲಿ ಮೊದಲ ಮರ್ಯಾದೆ ಬುತ್ತಿಗೆ. ಹೈದರಾಬಾದಿನಿಂದ ಬೀದರಿಗೆ ಸುಮಾರು 140 ಕಿಲೋಮೀಟರು ದಾರಿ, ಅಷ್ಟೆ. ಆದರೂ ಜೋಳದ ರೊಟ್ಟಿ, ಶೇಂಗಾ ಹಿಂಡಿ, ನೀರಿನ ಕ್ಯಾನು, ಹಾಸಿಗೆ, ದಿಂಬು ಎಲ್ಲವನ್ನೂ ತುಂಬಿದ ಮೇಲೆ ನಮ್ಮ ಹಳೆಯ ವ್ಯಾನು ಗಾಲಿ ಹಚ್ಚಿದ ಮನೆಯಂತೆಯೇ ಕಾಣುತ್ತದೆ. ಇಷ್ಟೆಲ್ಲದರ ಅಡಿಯಲ್ಲಿ, ಯಾರ ಕಣ್ಣಿಗೂ ಬೀಳದೆ ಮಲಗಿರುವುದು ಸ್ಟೆಪ್ನಿ.

ಈ ಹೆಸರಿನ ಹಿಂದೆ ಒಂದು ಬೀದಿಯಿದೆ. ಮೊದಮೊದಲಿನ ಮೋಟಾರುಗಳಿಗೆ ಬಿಡಿ ಗಾಲಿಯೇ ಇರಲಿಲ್ಲ. ಪಂಕ್ಚರಾದರೆ ರಸ್ತೆಯ ಬದಿಗೆ ಕುಳಿತು ತೇಪೆ ಹಾಕಬೇಕಿತ್ತು. 1904ರಲ್ಲಿ ವೇಲ್ಸಿನ ಲನೆಲ್ಲಿ ಪಟ್ಟಣದ ಸ್ಟೆಪ್ನಿ ಬೀದಿಯಲ್ಲಿ ಡೇವಿಸ್ ಸೋದರರು ಅಂಥ ಗಾಲಿಯನ್ನು ಮಾಡಿದರು. ಬೀದಿಯ ಹೆಸರೇ ಗಾಲಿಗೆ ಅಂಟಿತು. ಅಲ್ಲಿಂದ ನಮ್ಮ ಪಂಕ್ಚರ್ ಅಂಗಡಿಗಳವರೆಗೂ ಉರುಳಿ ಬಂತು.

ಕಳೆದ ಚಳಿಗಾಲದಲ್ಲಿ ಒಂದು ಸಂಜೆ ಬೀದರಿನಿಂದ ಫೋನು ಬಂತು. ನಮ್ಮನ್ನು ಎತ್ತಿ ಆಡಿಸಿದ ಸೋದರತ್ತೆಗೆ ಕಾಯಿಲೆ ಹೆಚ್ಚಾಗಿತ್ತು. "ಅವ್ವ ನಿಮ್ಮ ಹೆಸರು ಹಿಡಿದು ಕೇಳಲಾಕತ್ತಾಳ, ಲಗೂನ ಬರ್ರಿ" ಎಂದ ಅವರ ಮಗ. ಅರ್ಧ ಗಂಟೆಯಲ್ಲಿ ಹೊರಟೆವು. ಬುತ್ತಿ ಮಾತ್ರ ಮರೆಯಲಿಲ್ಲ!

ಜಹೀರಾಬಾದು ದಾಟಿ ಬೀದರಿನ ದಾರಿ ಹಿಡಿದ ಮೇಲೆ ಹಿಂದಿನ ಗಾಲಿ ಕುಳಿತುಬಿಟ್ಟಿತು. ಆಗ ರಾತ್ರಿ 8 ಗಂಟೆ. ಸಾಮಾನೆಲ್ಲ ಇಳಿಸಿ ಸ್ಟೆಪ್ನಿ ಹೊರತೆಗೆದರೆ, ಹೆಬ್ಬೆರಳು ಒತ್ತಿದಲ್ಲಿ ತಗ್ಗಾಯಿತು. ಎರಡು ವರ್ಷದಿಂದ ಅದಕ್ಕೆ ಗಾಳಿ ಹಿಡಿಸಿರಲಿಲ್ಲ. ಪುಣ್ಯಾತ್ಮನೊಬ್ಬ ಲಾರಿ ನಿಲ್ಲಿಸಿ ನಮ್ಮನ್ನೂ ಗಾಲಿಯನ್ನೂ ಜಹೀರಾಬಾದಿಗೆ ಕರೆದೊಯ್ದ. "ಸ್ಟೆಪ್ನಿ ಇಟ್ಟುಕೊಂಡಿರಿ, ಗಾಳಿ ಇಟ್ಟುಕೊಳ್ಳಲಿಲ್ಲ" ಎಂದು ನಕ್ಕ. ನಮಗೆ ನಗು ಬರಲಿಲ್ಲ. ಕತ್ತಲಲ್ಲಿ ವ್ಯಾನಿನೊಳಗೆ ನಮ್ಮಾಕೆ ಮಕ್ಕಳನ್ನು ತಬ್ಬಿಕೊಂಡು ಕುಳಿತಿದ್ದಳು. ಆಟೋದಲ್ಲಿ ಮರಳಿ ಗಾಲಿ ಕೂಡಿಸುವಷ್ಟರಲ್ಲಿ 11 ಆಗಿತ್ತು.

ಅತ್ತೆ 10 ಗಂಟೆಯವರೆಗೂ ಬಾಗಿಲ ಕಡೆಗೇ ಮುಖ ಮಾಡಿ ಮಲಗಿದ್ದರಂತೆ. ನಾವು ಹೋದಾಗ ಕೈ ಬೆಚ್ಚಗಿತ್ತು; ಕರೆದರೆ ಓಗೊಡಲಿಲ್ಲ. ಮೂರನೆಯ ದಿನ ತೀರಿಕೊಂಡರು. ನಮ್ಮನ್ನು ಯಾರೂ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಮನಸ್ಸು ಹಗುರಾಗುತ್ತಿತ್ತೇನೋ.

ಈಗ ತಿಂಗಳಿಗೊಮ್ಮೆ ಗಾಳಿ ನೋಡಿಸುವಾಗ ನಾಲ್ಕಲ್ಲ, ಐದು ಗಾಲಿಗಳನ್ನೂ ನೋಡಿಸುತ್ತೇವೆ. ಟೈರಿನ ಬದಿಯಲ್ಲಿ 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದದ್ದು. ಓಡದೆ ಮಲಗಿದ್ದರೂ ರಬ್ಬರಿಗೆ ಮುಪ್ಪು ಬರುತ್ತದೆ. ಜಾಕಿ, ಪಾನಾ, ಟಾರ್ಚು, ಗಾಲಿಗೆ ಒಡ್ಡಲು ಎರಡು ಕಲ್ಲು, ಎಲ್ಲವೂ ಕೈಗೆ ಸಿಗುವಲ್ಲಿರುತ್ತವೆ. ಗಾಲಿ ನೆಲದ ಮೇಲಿರುವಾಗಲೇ ನಟ್ಟು ಸಡಿಲಿಸಿ, ಆಮೇಲೆ ಜಾಕಿ ಏರಿಸಬೇಕೆಂದು ನಮ್ಮಾಕೆಗೂ ಮಗನಿಗೂ ಅಂಗಳದಲ್ಲೇ ಮಾಡಿ ತೋರಿಸಿದ್ದೇವೆ.

ಓದುಗರು ನಗಬಹುದು. ಆದರೆ ಊರು ಬಿಟ್ಟು ಬಂದ ನಮ್ಮಂಥವರಿಗೆ ಊರಿನ ಕರೆ ಹೊತ್ತು ನೋಡಿಕೊಂಡು ಬರುವುದಿಲ್ಲ. ಬುತ್ತಿ ಈಗಲೂ ಕಟ್ಟುತ್ತೇವೆ. ಸ್ಟೆಪ್ನಿಯ ಮೇಲೆ ಮಾತ್ರ ಇಡುವುದಿಲ್ಲ.