ಹಲ್ಲಲ್ಲ, ದೃಷ್ಟಿಯಲ್ಲ, ರೋಟಾ!

ನಮ್ಮ ಹವಳಗಾ ಕಡೆ ಕೂಸಿಗೆ ವಾಂತಿ-ಭೇದಿ ಶುರುವಾದ್ರೆ ಬರೋ ಮಾತು ಎರಡೇ. "ಹಲ್ಲು ಬರ್ಲಿಕತ್ತಾವ", ಇಲ್ಲಾ "ದೃಷ್ಟಿ ಆಗ್ಯಾದ". 2016ರಲ್ಲಿ ನಮ್ಮ ಅಕ್ಕನ ಮಗಳಿಗೂ ಇದನ್ನೇ ಅಂದ್ರು. ಮೂರನೇ ದಿನ ಕೂಸು ಅತ್ತರೆ ಕಣ್ಣೀರೇ ಇಲ್ಲ. ಕಲಬುರಗಿಗೆ ಒಯ್ದು ಸಲೈನ್ ಹಚ್ಚಿದ ಮೇಲೆ ಉಳೀತು. ಡಾಕ್ಟರು "ರೋಟಾವೈರಸ್ ಇರಬೇಕು" ಅಂದ್ರು.

ಆಮೇಲೆ ಅದರ ಬಗ್ಗೆ ಓದ್ತಾ ಹೋದೆ. 1973ರಲ್ಲಿ ಮೆಲ್ಬರ್ನ್‌ನಲ್ಲಿ ರೂತ್ ಬಿಷಪ್ ಮತ್ತು ಸಂಗಡಿಗರು ಪತ್ತೆ ಹಚ್ಚಿದ ವೈರಸ್ ಇದು. ಗಾಲಿಯಂತೆ ಕಾಣೋದಕ್ಕೇ ಈ ಹೆಸರು. ಆದ್ರೆ ನನ್ನನ್ನು ಹಿಡಿದು ಕೂರಿಸಿದ್ದು ನಮ್ಮ ಬೆಂಗಳೂರಿನ ಕಥೆ.

ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ಅವರ ತಂಡಕ್ಕೆ ಬೆಂಗಳೂರಿನ ಹಸುಗೂಸುಗಳಲ್ಲಿ ಐ321 ಅನ್ನೋ ತಳಿ ಸಿಕ್ಕಿತು. ಅದರ 11 ಜೀನ್ ತುಂಡುಗಳಲ್ಲಿ ಹೆಚ್ಚಿನವು ದನದ ವೈರಸ್ಸಿನವು. ವಿಚಿತ್ರ ಏನಂದ್ರೆ, ಆ ಕೂಸುಗಳಿಗೆ ಭೇದಿಯೇ ಇರಲಿಲ್ಲ! ಯಾಕೆ?

ರೋಟಾದ ಎನ್‌ಎಸ್‌ಪಿ4 ಅನ್ನೋ ಪ್ರೋಟೀನ್ ವಿಷದ ಹಾಗೆ ಕೆಲಸ ಮಾಡಿ ಭೇದಿ ತರುತ್ತೆ ಅಂತ 1996ರಲ್ಲಿ ಅಮೆರಿಕದಲ್ಲಿ ಗೊತ್ತಾಗಿತ್ತು. ಅದರ ಆಕಾರ ನೋಡಬೇಕಲ್ಲ? ಬ್ಯಾಕ್ಟೀರಿಯಾದಲ್ಲಿ ಪ್ರೋಟೀನ್ ಬೆಳೆಸಿ, ಶುದ್ಧಮಾಡಿ, ಹನಿಯಲ್ಲಿ ಹರಳುಗಟ್ಟಿಸಿ ಎಕ್ಸ್-ರೇ ಹಾಯಿಸ್ತಾರೆ. ಚುಕ್ಕಿಗಳ ಪ್ರಖರತೆ ಸಿಗುತ್ತೆ, ಫೇಸ್ ಸಿಗಲ್ಲ. ನಮ್ಮ ಲಾಗ್ ಫೈಲಿನಲ್ಲಿ ಮುಖ್ಯ ಕಾಲಮ್ಮೇ ಖಾಲಿ ಇದ್ದ ಹಾಗೆ! ಗೊತ್ತಿರೋ ಹತ್ತಿರದ ಆಕಾರದಿಂದ ಶುರುಮಾಡಿ ಅದನ್ನು ತುಂಬ್ತಾ ಹೋಗ್ತಾರೆ.

2007ರಲ್ಲಿ ಕೆ. ಸುಗುಣಾ ಮತ್ತು ದುರ್ಗಾ ರಾವ್ ಅವರ ತಂಡ ಈ ಪ್ರೋಟೀನಿನ ಒಂದು ಭಾಗದ ರಚನೆ ಪ್ರಕಟಿಸಿತು. ನಾಲ್ಕು ಎಳೆ ಹಗ್ಗದಂತೆ ಹೊಸೆದುಕೊಂಡಿವೆ, ನಡುವೆ ಕ್ಯಾಲ್ಸಿಯಂ. ತುದಿಯ ಬಾಲ ಮಾತ್ರ ಹರಳಿನಲ್ಲೂ ಕಾಣಲಿಲ್ಲ, ಅಷ್ಟು ಅಲುಗಾಡುತ್ತೆ. ಮುಂದೆ ಇನ್ನೊಂದು ತಳಿಯಲ್ಲಿ ಐದು ಎಳೆಯ ಹಗ್ಗವೂ ಸಿಕ್ಕಿತು. ಅಂದ್ರೆ ಇದು ಒಂದೇ ಆಕಾರಕ್ಕೆ ನಿಲ್ಲೋ ಪ್ರೋಟೀನಲ್ಲ.

ನಿಜ ಹೇಳಬೇಕಂದ್ರೆ ಲಸಿಕೆ ಬಂದಿದ್ದು ಈ ಚಿತ್ರದಿಂದಲ್ಲ. ಕಾಯಿಲೆಯಿಲ್ಲದ ಕೂಸುಗಳಿಂದಲೇ! ದೆಹಲಿಯಲ್ಲಿ ಹಾಗೇ ಸಿಕ್ಕ 116ಇ ತಳಿ ರೋಟಾವ್ಯಾಕ್ ಆಯ್ತು. ನಮ್ಮ ಐ321 ಕೂಡ ಪರೀಕ್ಷೆಗೆ ಹೋಗಿತ್ತು, ಮುಂದೆ ಹೋಗಿದ್ದು 116ಇ. 2016ರಲ್ಲಿ ನಾಲ್ಕು ರಾಜ್ಯಗಳಲ್ಲಿ ಶುರುವಾದ ರೋಟಾ ಲಸಿಕೆ 2019ರಿಂದ ದೇಶದ ಎಲ್ಲೆಡೆ ಸರ್ಕಾರಿ ಲಸಿಕೆ ಪಟ್ಟಿಯಲ್ಲಿದೆ. 6, 10, 14 ವಾರಕ್ಕೆ ಬಾಯಿಗೆ ಹನಿ, ದುಡ್ಡಿಲ್ಲ.

ಹನಿ ಹಾಕಿಸಿದ್ರೂ ಭೇದಿ ಬಂದ್ರೆ ಓಆರ್‌ಎಸ್ ಬೇಕೇ ಬೇಕು, ಎದೆಹಾಲು ಬಿಡಿಸಬಾರದು. ದೃಷ್ಟಿ ತೆಗೀರಿ, ಬ್ಯಾಡ ಅನ್ನಲ್ಲ. ಆದ್ರೆ ಮೊದಲು ನೀರು ಕುಡಿಸ್ರಿ.

ನಿಮ್ಮ ಊರ ಕಡೆ ಇದಕ್ಕೆ ಏನಂತಾರೆ? ಬರೀರಿ.