ಕಡೆಯ ಎಲೆ

ನಂಜನಗೂಡಿನಲ್ಲಿ ಮಗನ ಸಂಸಾರದೊಡನಿರುವ ನಾವು, ಕಪಿಲೆಯು ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರಕ್ಕೆ ಮೊನ್ನೆ ಹೋಗಿದ್ದೆವು. ಅಲ್ಲಿ ನಮ್ಮ ಬಾಲ್ಯಸ್ನೇಹಿತರು ಪತ್ನೀವಿಯೋಗಾನಂತರ ಒಂಟಿಯಾಗಿರುವರು. ಬೆಳಗಿನ ಅನ್ನಕ್ಕೇ ರಾತ್ರಿ ಮಜ್ಜಿಗೆ. “ಒಬ್ಬನಿಗಾಗಿ ಒಲೆ ಹಚ್ಚುವುದೇಕೆ?” ಎಂದರು. ಅವರ ಬೆರಳಿನ ಉಂಗುರ ಸಡಿಲವಾಗಿದ್ದಿತು.

ವೃದ್ಧರ ಮೀನಖಂಡದ ಸುತ್ತಳತೆ, ಅತಿ ದಪ್ಪವಾದೆಡೆಯಲ್ಲಿ, 31 ಸೆಂಟಿಮೀಟರಿಗೆ ಕಡಿಮೆಯಾದರೆ ಅದು ಪೋಷಣೆ ಸಾಲದೆ ಮಾಂಸ ಕರಗುತ್ತಿರುವುದರ ಸೂಚನೆಯೆಂದು ವೈದ್ಯರು ಎಣಿಸುವರು. ದರ್ಜಿಯ ಟೇಪಿನಿಂದ ಅಳೆದೆವು: ಅವರದು 29, ನಮ್ಮದು 34. ತುಂಬಿದ ಮನೆಯ ಭಾಗ್ಯವಿದೆಂದು ಒಳಗೊಳಗೇ ಬೀಗಿದೆವು.

ಊರಿಗೆ ಮರಳಿ, ವಿನೋದಕ್ಕೆಂದು ಸಹಧರ್ಮಿಣಿಯ ಕಾಲನ್ನೂ ಅಳೆದೆವು. 28! ಎಲ್ಲರಿಗೂ ಬಡಿಸಿ, ಅಡಿಗೆಮನೆಯಲ್ಲಿ ಒಬ್ಬಳೇ ಕುಳಿತು ಉಳಿದುದನ್ನು ಉಣ್ಣುವವಳು ಆಕೆ. ಅನ್ನ ಉಳಿದಿರುವುದು, ಬೇಳೆಯೂ ಮೊಸರೂ ಮುಗಿದಿರುವುವು. 35 ವರ್ಷ ಒಂದೇ ಸೂರಿನ ಕೆಳಗಿದ್ದೂ ನಾವು ಇದನ್ನು ಕಂಡಿರಲಿಲ್ಲ. ಏಕಾಂತವಾಸವು ನರಸೀಪುರದಲ್ಲಿ ಮಾತ್ರವಲ್ಲ, ನಮ್ಮ ಅಡಿಗೆಮನೆಯಲ್ಲಿಯೂ ಇದ್ದಿತು.

ಈಗ ನಮ್ಮ ಎಲೆಯ ಪಕ್ಕದಲ್ಲಿಯೇ ಆಕೆಯ ಎಲೆ. ಹುರುಳಿಕಾಳೂ ಹಾಲೂ ಮೊದಲು ಆಕೆಗೆ. ಸ್ನೇಹಿತರು ಭಾನುವಾರ ನಮ್ಮಲ್ಲಿಗೆ ಊಟಕ್ಕೆ ಬರುವರು. ವಾಚಕ ಮಹಾಶಯರು ಇಂದು ರಾತ್ರಿ ತಮ್ಮ ಮನೆಯಲ್ಲಿ ಕಡೆಗೆ ಉಣ್ಣುವವರಾರು, ಅವರ ಎಲೆಯಲ್ಲಿರುವುದೇನು ಎಂದು ಒಮ್ಮೆ ನೋಡಬೇಕೆಂದು ನಮ್ಮ ಪ್ರಾರ್ಥನೆ.