ತವರಿಗೆ ಹೊರಟ ಮೊದಲ ಕಾರು

ಪ್ರಪಂಚದಲ್ಲಿ ಮೊಟ್ಟಮೊದಲು ಕಾರಿನಲ್ಲಿ ದೂರಪ್ರಯಾಣ ಮಾಡಿದ್ದು ಒಬ್ಬ ಹೆಣ್ಣುಮಗಳು, ಅದೂ ತವರಿಗೆ ಹೋಗಲೆಂದು ಎಂದರೆ ನಂಬುತ್ತೀರಾ? ನಾವಿರುವ ಈ ಜರ್ಮನಿಯಲ್ಲೇ ನಡೆದ ಕಥೆಯಿದು. 1888ರ ಆಗಸ್ಟ್ ತಿಂಗಳ ಒಂದು ಬೆಳಗಿನ ಜಾವ, ಬೆರ್ಟಾ ಬೆಂಜ್ ತಮ್ಮ ಪತಿ ಕಾರ್ಲ್ ಬೆಂಜ್‌ಗೆ ಹೇಳದೆಯೇ, ಅವರು ತಯಾರಿಸಿದ್ದ ಮೂರು ಚಕ್ರದ ಕಾರನ್ನು ಹೊರಡಿಸಿಬಿಟ್ಟರು. ಜೊತೆಗೆ 15 ವರ್ಷದ ಓಯ್ಗೆನ್, 13ರ ರಿಚರ್ಡ್. ಮಾನ್‌ಹೈಮ್‌ನಿಂದ ತವರೂರು ಫೋರ್ಟ್ಸ್‌ಹೈಮ್‌ಗೆ 100 ಕಿ.ಮೀ.ಗೂ ಹೆಚ್ಚು ದಾರಿ. ಅಂದಹಾಗೆ, ಕಾರ್ಲ್ ಅವರ ಕಾರ್ಖಾನೆಗೆ ಆಸರೆಯಾದದ್ದೂ ಆಕೆ ತವರಿನಿಂದ ತಂದ ಹಣವೇ!

ಕಳೆದ ಬೇಸಿಗೆ ರಜೆಯಲ್ಲಿ ನಾವೂ ಅದೇ ದಾರಿ ಹಿಡಿದೆವು. 2008ರಿಂದ ಅದು 'ಬೆರ್ಟಾ ಬೆಂಜ್ ಸ್ಮಾರಕ ಮಾರ್ಗ'. ಹೋಗಿಬರಲು ಒಟ್ಟು 194 ಕಿ.ಮೀ. ಒಂದು ದಿನಕ್ಕಾದರೂ ಮರ್ಸಿಡಿಸ್ ಎಸ್-ಕ್ಲಾಸ್ ಓಡಿಸಬೇಕೆಂಬುದು ನಮ್ಮವರ ಬಹುದಿನದ ಆಸೆ. 2021ರ ಎಸ್ 500 ಒಂದನ್ನು ಬಾಡಿಗೆಗೆ ತಂದರು. ಕೊನೆಗೆ ಸ್ಟೀರಿಂಗ್ ಹಿಡಿದದ್ದು ಮಾತ್ರ ನಾನು!

ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟ್ ಮಾಡಿಸಿದ ಮೊದಲ ಕಾರಿಗೆ ಒಂದೇ ಸಿಲಿಂಡರ್, ಮುಕ್ಕಾಲು ಅಶ್ವಶಕ್ತಿ, ಗಂಟೆಗೆ ಸುಮಾರು 16 ಕಿ.ಮೀ. ವೇಗ. ಬೆರ್ಟಾ ಓಡಿಸಿದ್ದು ಅದರದೇ ಸುಧಾರಿಸಿದ ಮಾದರಿ. ನಮ್ಮ ಕಾರಿಗೋ ಆರು ಸಿಲಿಂಡರ್, 435 ಅಶ್ವಶಕ್ತಿ. ಏರು ಬಂದದ್ದೇ ನಮಗೆ ತಿಳಿಯಲಿಲ್ಲ. ಅದೇ ಏರುಗಳಲ್ಲಿ ಆ ಹುಡುಗರು ಇಳಿದು ಕಾರು ತಳ್ಳಿದ್ದರು. ಹಿಂದಿನ ಸೀಟಿನಲ್ಲಿ ಒರಗಿ ಕೂತಿದ್ದ ನಮ್ಮ ಮಕ್ಕಳಿಗೆ ಇದನ್ನು ಹೇಳಿದರೆ ಕಿಸಕ್ಕನೆ ನಕ್ಕರು.

ವೀಸ್‌ಲೋಖ್ ಊರಿನಲ್ಲಿ ಇಳಿದು ಆ ಪ್ರಸಿದ್ಧ ಔಷಧಿ ಅಂಗಡಿಯನ್ನು ನೋಡಿದೆವು. ಆಗ ಪೆಟ್ರೋಲ್ ಬಂಕ್ ಎಲ್ಲಿಂದ ಬರಬೇಕು? ಕಲೆ ತೆಗೆಯಲು ಬಳಸುತ್ತಿದ್ದ 'ಲಿಗ್ರೊಯಿನ್' ಎಂಬ ದ್ರಾವಣವನ್ನೇ ಬೆರ್ಟಾ ಇಲ್ಲಿ ಕೊಂಡು ಕಾರಿಗೆ ಸುರಿದರು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದರು. ಬ್ರೇಕ್ ಸವೆದಾಗ ಹಳ್ಳಿಯ ಚಮ್ಮಾರನಿಂದ ಚರ್ಮದ ಪಟ್ಟಿ ಹೊಡೆಸಿದರು. ಬಂದ ಮೇಲೆ, ಏರು ಹತ್ತಲು ಇನ್ನೊಂದು ಗೇರ್ ಬೇಕೆಂದು ಗಂಡನಿಗೆ ಹೇಳಿದರಂತೆ. ನಾವು ಮೆತ್ತಗೆ ಕಾಲಿಟ್ಟು ನಿಲ್ಲಿಸಿದ ಬ್ರೇಕ್, ತಾನೇ ಬದಲಾಗುವ ಗೇರ್, ಎಲ್ಲದರ ಹಿಂದೆಯೂ ಆಕೆ ಪಟ್ಟ ಪಾಡಿದೆ. ಐಷಾರಾಮಿ ಕಾರಿನಲ್ಲಿ ಕೂತೇ ನನಗೆ ಹಳೆಯ ಕಾರಿನ ಬೆಲೆ ಗೊತ್ತಾಯಿತು.

ಪರದೆಯ ಮೇಲಿನ ನಕ್ಷೆ ನೋಡುತ್ತಿದ್ದ ಮಗಳು ಕೇಳಿದಳು: "ಅಮ್ಮಾ, ಇದರಲ್ಲಿ ಅರಸೀಕೆರೆ ಅಜ್ಜಿ ಮನೆ ಹಾಕಿದ್ರೆ ಕರ್ಕೊಂಡು ಹೋಗತ್ತಾ?"

ನನ್ನ ಬಳಿ ಉತ್ತರವಿರಲಿಲ್ಲ. ಇಷ್ಟೆಲ್ಲ ಅಶ್ವಶಕ್ತಿಯಿದ್ದರೂ ಈ ರಸ್ತೆಯ ಕೊನೆಯಲ್ಲಿ ನನ್ನ ತವರಿಲ್ಲ. ಊರಿಗೆ ಹೋಗಿ ಮೂರು ವರ್ಷವಾಗಿತ್ತು.

ನೀವೂ ಬಿಡುವು ಮಾಡಿಕೊಂಡು ಹೋಗಿ ಬನ್ನಿ. ಯಾವ ಕಾರಾದರೂ ಸರಿ. ಹೆದ್ದಾರಿ ಬಿಟ್ಟು ಹಳ್ಳಿಗಳ ನಡುವೆ ಸಾಗುವ ದಾರಿ ಮಕ್ಕಳಿಗೂ ಹಿಡಿಸುತ್ತದೆ. ಸ್ಟುಟ್‌ಗಾರ್ಟ್‌ನ ಮರ್ಸಿಡಿಸ್-ಬೆಂಜ್ ಸಂಗ್ರಹಾಲಯಕ್ಕೆ ಹೋದರೆ 1886ರಿಂದ ಈಚಿನ ಕಾರುಗಳನ್ನೆಲ್ಲ ಒಂದೇ ಸೂರಿನಡಿ ನೋಡಬಹುದು.

ಆ ಸಂಜೆ ಫೋರ್ಟ್ಸ್‌ಹೈಮ್ ತಲುಪಿದ ಬೆರ್ಟಾ ಗಂಡನಿಗೆ ತಂತಿ ಕಳಿಸಿದ್ದರು. ನಾನು ಅಲ್ಲಿಂದ ಅಮ್ಮನಿಗೆ ಫೋನ್ ಮಾಡಿ ಕಥೆಯೆಲ್ಲ ಹೇಳಿದೆ. ಅಮ್ಮ ಕಾರಿನ ಬಗ್ಗೆ ಏನೂ ಕೇಳಲಿಲ್ಲ. "ತವರಿಗೆ ಹೊರಟೋಳಿಗೆ ದಾರಿ ದೂರ ಅನ್ಸತ್ತೇನೇ? ಅದಿರ್ಲಿ, ನೀನ್ಯಾವಾಗ ಬರ್ತೀಯ?" ಎಂದರು.

ಡಿಸೆಂಬರ್‌ಗೆ ಟಿಕೆಟ್ ಮಾಡಿಸಿದ್ದೇವೆ.